ಶೇಷಗಿರಿಯ ಖಾತೆ

ನದಿ ತಿರುವು ತೆಗೆದುಕೊಳ್ಳುವ ಕಡೆ ಒಂದು ಆಶ್ರಮ. ಅದಕ್ಕೊಂದು ಚಿಕ್ಕ ಆಸ್ಪತ್ರೆ. ಅಲ್ಲಿನ ವೈದ್ಯ ಶೇಷಗಿರಿ ಸಂನ್ಯಾಸ ತೆಗೆದುಕೊಂಡು ಅಭಯಾನಂದರಾದರು.

ಆಶ್ರಮದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಚಿದಂಬರ. ಯಾರು ಯಾವ ದಾಖಲೆ ತೆರೆಯಬಹುದು ಎಂಬುದೆಲ್ಲ ಒಂದು ಡೈರೆಕ್ಟರಿ ಸರ್ವರಿನಲ್ಲಿತ್ತು. ದೀಕ್ಷೆಯ ದಿನವೇ ಅವನು ಶೇಷಗಿರಿಯ ಖಾತೆಯನ್ನು ಅಳಿಸಿ, ಅಭಯಾನಂದರ ಹೆಸರಿನಲ್ಲಿ ಹೊಸದೊಂದನ್ನು ಮಾಡಿದ. ಪೂರ್ವಾಶ್ರಮ ಮುಗಿಯಿತಲ್ಲ ಎಂದುಕೊಂಡ.

ಮರುದಿನ ಅಭಯಾನಂದರಿಗೆ ರೋಗಿಗಳ ದಾಖಲೆ ತೆರೆಯಲೇ ಇಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬ ಅಪ್ಪ, ಫಿಟ್ಸ್ ಬರುವ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದ.

"ಮಾತ್ರೆ ಎಷ್ಟು ಅಂತ ಅದರಲ್ಲಿದೆ, ಚಿದಂಬರ. ಅಂದಾಜಿನ ಮೇಲೆ ಕೊಡಲಾರೆ," ಎಂದರು ಅಭಯಾನಂದರು.

ಚಿದಂಬರ ಪಾಸ್‌ವರ್ಡ್ ಬದಲಿಸಿದ. ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದ. ಕೊನೆಗೆ ಶೇಷಗಿರಿ ಎಂಬ ಹೆಸರಿನಲ್ಲೇ ಇನ್ನೊಂದು ಖಾತೆ ಮಾಡಿ ನೋಡಿದ. ಒಂದಕ್ಷರವೂ ತಪ್ಪಿರಲಿಲ್ಲ. ದಾಖಲೆ ತೆರೆಯಲಿಲ್ಲ.

ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೈಚೀಲ ಹಿಡಿದ ಒಬ್ಬ ವೃದ್ಧೆ. ಆ ವೃದ್ಧೆಯನ್ನು ಕಂಡು ಚಿದಂಬರ ತಲೆ ತಗ್ಗಿಸಿದ. ಬೆಳಿಗ್ಗೆ ಬಾಗಿಲಲ್ಲಿ, "ಶೇಷಗಿರಿ ಅನ್ನೋರು ಈಗ ಇಲ್ಲಿಲ್ಲಮ್ಮ" ಎಂದು, ಮಗನನ್ನು ನೋಡಲು ಬಂದಿದ್ದ ಆ ತಾಯಿಯನ್ನು ಹಿಂದಕ್ಕೆ ಕಳಿಸಿದವನು ಅವನೇ.

ನಡೆದದ್ದನ್ನೆಲ್ಲ ಹೇಳಿದ. "ಹೆಸರು ಸರಿಯಾಗಿಯೇ ಇದೆ, ಗುರುಗಳೇ. ಆದರೂ ಸರ್ವರಿಗೆ ಅವರ ಗುರುತು ಸಿಗುತ್ತಿಲ್ಲ."

ಗುರುಗಳು ವೃದ್ಧೆಯ ಕಡೆ ತಿರುಗಿದರು. "ತುಂಗಮ್ಮ, ಮಗನಿಗೆ ಹೆಸರಿಟ್ಟದ್ದು ಯಾವಾಗ?"

"ತೊಟ್ಟಿಲಿಗೆ ಹಾಕಿದ ದಿನ."

"ಅಲ್ಲೀತನಕ?"

"ಅಲ್ಲೀತನಕ ಹಾಲು ಕುಡೀತಿದ್ದ, ಅಳ್ತಿದ್ದ." ತುಂಗಮ್ಮ ನಕ್ಕರು. "ಹೆಸರಿಲ್ಲ ಅಂತ ನಾನೇನು ಬೇರೆಯವರ ಮಗು ಅಂದುಕೊಂಡೆನೇ ಸ್ವಾಮಿ?"

ಚಿದಂಬರ ಅಲ್ಲಿಂದ ಓಡಿದ.

ಪ್ರತಿ ಖಾತೆಗೂ ಅದು ಹುಟ್ಟುವಾಗಲೇ ಸರ್ವರು ತನ್ನದೇ ಒಂದು ಗುರುತು ಕೊಟ್ಟಿರುತ್ತದೆ. ದಾಖಲೆಗಳು ನಂಬುವುದು ಆ ಗುರುತನ್ನು. ಹೆಸರು ಅದರ ಮೇಲೆ ಅಂಟಿಸಿದ ಚೀಟಿ ಮಾತ್ರ. ಅಳಿಸಿದ ಖಾತೆಗಳು ಕೆಲಕಾಲ ಒಂದು ಮೂಲೆಯಲ್ಲಿ ಉಳಿದಿರುತ್ತವೆ. ಚಿದಂಬರ ತಾನು ಹೊಸದಾಗಿ ಮಾಡಿದ ಎರಡನ್ನೂ ತೆಗೆದುಹಾಕಿದ. ಹಳೆಯದನ್ನು ಎತ್ತಿ ತಂದು, ಹೆಸರನ್ನಷ್ಟೇ ಬದಲಿಸಿದ.

ದಾಖಲೆ ತೆರೆಯಿತು. ಹುಡುಗಿಗೆ ಮಾತ್ರೆ ಸಿಕ್ಕಿತು.

ಅವನು ಮೆಟ್ಟಿಲಿಗೆ ಮರಳಿದ. ತುಂಗಮ್ಮ ಇನ್ನೂ ಅಲ್ಲೇ ಇದ್ದರು.

"ಸರಿಹೋಯಿತು, ಗುರುಗಳೇ. ನಾನು ಅಳಿಸಿದ್ದೆ, ಆದರೆ ಹೋಗಿರಲಿಲ್ಲ."

ಗುರುಗಳು ಕೈಚೀಲವನ್ನು ಎತ್ತಿ ಅವನ ಕೈಗೆ ಕೊಟ್ಟರು.

ಚಿದಂಬರ ದನಿ ತಗ್ಗಿಸಿದ. "ಆದರೆ ಅವರೀಗ ಸಂನ್ಯಾಸಿಗಳಲ್ಲವೇ?"

"ಸಂನ್ಯಾಸ ಅವನು ತೆಗೆದುಕೊಂಡ, ಇವರು ತೆಗೆದುಕೊಂಡಿಲ್ಲವಲ್ಲ," ಎಂದರು ಗುರುಗಳು. "ಕೈಹಿಡಿದು ಮಗನ ಹತ್ತಿರ ಕರೆದುಕೊಂಡು ಹೋಗು. ಮೆಟ್ಟಿಲು ಜಾರುತ್ತದೆ."