ದಿಡ್ಡಿ ಬಾಗಿಲು ಬೇಕೋ ಬೇಡವೋ

ಬನ್ನಿ, ಇನ್ನೂ ಹತ್ತಿರ ಬನ್ನಿ. ಹಿಂದೆ ಕೂತವರಿಗೂ ಕೇಳಿಸಲಿ. ಈ ಕಥೆ ಸ್ವಲ್ಪ ತಲೆ ತಿರುಗಿಸುವಂಥದ್ದು. ತಿರುಗಿದರೆ ಹೆದರಬೇಡಿ, ಇದರಲ್ಲಿ ರಾಜನ ತಲೆಯೂ ತಿರುಗಿತ್ತು.

ಕರಿಕಲ್ಲುಕೋಟೆ ಅಂತ ಒಂದು ರಾಜ್ಯ. ಅಲ್ಲಿ ಸೋಮಭೂಪಾಲ ಅಂತ ಒಬ್ಬ ರಾಜ. ರಾಜ ಒಳ್ಳೆಯವನೇ. ಆದರೆ ಯಾರು ಏನು ಹೇಳಿದರೂ ಅವನಿಗೆ ಸರಿ ಅನ್ನಿಸುತ್ತಿತ್ತು. ಬೆಳಿಗ್ಗೆ ಒಬ್ಬ ಬಂದು ಹೇಳಿದರೆ "ಹೌದಲ್ಲ" ಅನ್ನುತ್ತಿದ್ದ. ಮಧ್ಯಾಹ್ನ ಇನ್ನೊಬ್ಬ ಬಂದು ತಿರುಗಾಮುರುಗಾ ಹೇಳಿದರೆ "ಇದೂ ಹೌದಲ್ಲ" ಅನ್ನುತ್ತಿದ್ದ. ಸಂಜೆಗೆ ತಲೆನೋವು ಬಂದು ಮಲಗುತ್ತಿದ್ದ.

ಆ ಊರಿಗೆ ದೊಡ್ಡ ಕೋಟೆ. ಕೋಟೆಯ ಒಳಗೆ ಪೇಟೆ, ಅರಮನೆ, ವೈದ್ಯರ ಮನೆ, ಸೂಲಗಿತ್ತಿಯ ಮನೆ. ಕೋಟೆಯ ಹೊರಗೆ ಹೊರಕೇರಿ. ಅಲ್ಲಿ ಮಡಕೆ ಮಾಡುವವರು, ಬುಟ್ಟಿ ಹೆಣೆಯುವವರು, ದನ ಕಾಯುವವರು. ಹೊತ್ತು ಮುಳುಗಿದರೆ ಹೆಬ್ಬಾಗಿಲು ಮುಚ್ಚುತ್ತಿತ್ತು. ಹೆಬ್ಬಾಗಿಲಿನ ಪಕ್ಕದಲ್ಲಿ ಒಬ್ಬರು ಬಗ್ಗಿ ನುಸುಳುವಷ್ಟು ಒಂದು ಸಣ್ಣ ಬಾಗಿಲು. ಅದಕ್ಕೆ ದಿಡ್ಡಿ ಬಾಗಿಲು ಅನ್ನುತ್ತಿದ್ದರು. ಅದೂ ಮುಚ್ಚುತ್ತಿತ್ತು. ಸೂರ್ಯ ಹುಟ್ಟುವವರೆಗೆ ಒಳಗಿನವರು ಒಳಗೆ, ಹೊರಗಿನವರು ಹೊರಗೆ.

ಒಂದು ಮಳೆಗಾಲ, ಬುಟ್ಟಿ ಹೆಣೆಯುವ ರಂಗನ ಹೆಂಡತಿಗೆ ಬಾಗಿಲು ಮುಚ್ಚಿದ ಮೇಲೆ ಹೆರಿಗೆ ನೋವು ಶುರುವಾಯಿತು. ರಂಗ ಓಡಿಬಂದು ಬಾಗಿಲು ಬಡಿದ. ಕೈ ಒಡೆದು ರಕ್ತ ಬರುವವರೆಗೆ ಬಡಿದ. ಒಳಗೆ ಸೂಲಗಿತ್ತಿ ನಿಂಗಮ್ಮ ಎದ್ದು ಬಂದು ನಿಂತಿದ್ದಳು. ನಡುವೆ ಒಂದು ಹಲಗೆ. ಕಾವಲಿನವನು ಅಳುತ್ತಾ ಹೇಳಿದ, "ನಾನೇನು ಮಾಡಲಿ ತಾಯೀ, ಅಪ್ಪಣೆ ಇಲ್ಲ." ಬೆಳಗಾಗಿ ಬಾಗಿಲು ತೆರೆದಾಗ ತಾಯಿ ಬದುಕಿದ್ದಳು. ಮಗು ಇರಲಿಲ್ಲ.

ರಾಜನ ಸಭೆಯಲ್ಲಿ ಎರಡು ಗುಂಪು ಇದ್ದವು. ದೊಡ್ಡ ಗುಂಪಿನಲ್ಲಿ ಪೇಟೆಯ ಹಿರಿಯರೆಲ್ಲ ಇದ್ದರು. ಅವರಿಗೆ ಪ್ರಧಾನಿ ಚಂದರಸಯ್ಯನೇ ನಾಯಕ. ಸಣ್ಣ ಗುಂಪಿನಲ್ಲಿ ಮೂರೇ ಜನ. ಮೂವರೂ ಹೊರಕೇರಿಯವರು. ಅವರಲ್ಲಿ ಹಿರಿಯ ಮಡಕೆ ಮಾಡುವ ದ್ಯಾವಣ್ಣ.

ದ್ಯಾವಣ್ಣ ಸಭೆಯಲ್ಲಿ ಎದ್ದು ನಿಂತ. "ಮಹಾಸ್ವಾಮಿ, ನಾವು ಕೇಳೋದು ಒಂದೇ ಕಟ್ಟಳೆ. ಹೆಬ್ಬಾಗಿಲು ಬೇಕಾದರೆ ಮುಚ್ಚಿರಲಿ. ದಿಡ್ಡಿ ಬಾಗಿಲು ಮಾತ್ರ ರಾತ್ರಿಯೂ ತೆರೆದಿರಲಿ. ಕಾವಲಿನವನು ಹೇಗೂ ಇರುತ್ತಾನೆ."

"ಹೌದಲ್ಲ," ಅಂದ ರಾಜ.

ಚಂದರಸಯ್ಯ ಕೂತಲ್ಲೇ ನಕ್ಕ. "ಕಳ್ಳರು ನುಗ್ಗಿದರೆ, ಮಹಾಸ್ವಾಮಿ?"

"ಇದೂ ಹೌದಲ್ಲ," ಅಂದ ರಾಜ.

ಸಭೆಯಲ್ಲಿ ಮತ ಕೇಳಿದರು. ಮೂವರು ಬೇಕು ಅಂದರು. ಮಿಕ್ಕವರೆಲ್ಲ ಪ್ರಧಾನಿಯ ಮುಖ ನೋಡಿ ಬೇಡ ಅಂದರು. ಮಾತು ಬಿದ್ದುಹೋಯಿತು.

ನಿಜ ಹೇಳಬೇಕೆಂದರೆ ಚಂದರಸಯ್ಯನಿಗೆ ಕಳ್ಳರ ಭಯ ಇರಲಿಲ್ಲ. ಬಗ್ಗಿ ನುಸುಳುವ ಕಳ್ಳನನ್ನು ಕಾವಲಿನವನು ಜುಟ್ಟು ಹಿಡಿದು ಎಳೆಯಬಹುದಿತ್ತು. ಅವನ ಸಂಕಟವೇ ಬೇರೆ. ಮೂರು ಜನ ಕೇಳಿದ್ದು ಆಗಿಬಿಟ್ಟರೆ, ಊರೆಲ್ಲ ಆ ಮೂವರ ಹೆಸರು ಹೇಳುತ್ತದಲ್ಲ! ಅದು ಅವನಿಗೆ ನುಂಗಲಾರದ ತುತ್ತು.

ಆದರೆ ಆ ರಾಜ್ಯದಲ್ಲಿ ಹಳೆಯ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಸಭೆಯಲ್ಲಿ ಸೋತ ಮಾತನ್ನು ಊರ ಮುಂದೆ ಇಡಬಹುದು. ಮೂರು ಸಲ ಇಡಬಹುದು. ಊರು ಒಪ್ಪಿದರೆ ರಾಜ ಒಪ್ಪಲೇಬೇಕು.

ಸಣ್ಣ ಗುಂಪಿನ ಮೂವರು ಬೀದಿ ಬೀದಿ ತಿರುಗಿದರು. ಹೊರಕೇರಿ ತಿರುಗಿದರು. ಪೇಟೆ ತಿರುಗಿದರು. ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವವರ ಹತ್ತಿರ ನಿಂತು ಮಾತಾಡಿದರು. ಎಲ್ಲ ಕಡೆಯೂ ಜನ "ಬೇಕು" ಅಂದರು. ಪೇಟೆಯ ಹೆಂಗಸರು ಗಟ್ಟಿಯಾಗೇ ಅಂದರು, "ನಮ್ಮ ಹೆಣ್ಣುಮಕ್ಕಳನ್ನೂ ಹೊರಕೇರಿಗೆ ಕೊಟ್ಟಿದ್ದೀವಲ್ಲಪ್ಪ. ಬೇಕೇ ಬೇಕು!"

ಇದನ್ನು ಕೇಳಿ ಚಂದರಸಯ್ಯನಿಗೆ ನಿದ್ದೆ ಬರಲಿಲ್ಲ. ಊರಿಗೆ ಪ್ರಶ್ನೆ ಕೇಳುವ ಕೆಲಸ ಪ್ರಧಾನಿಯದು. ಅವನು ಕೂತು ಒಂದು ಪ್ರಶ್ನೆ ಹೊಸೆದ. ಡಂಗುರ ಸಾರುವ ಮಾಯಿಗನನ್ನು ಕರೆಸಿದ.

ಮಾಯಿಗನ ಗಂಟಲು ಗಂಟೆಯಂಥದ್ದು. ಈ ಬೀದಿಯಲ್ಲಿ ಕೂಗಿದರೆ ಮೂರನೇ ಬೀದಿಗೆ ಕೇಳಿಸುತ್ತಿತ್ತು. ಹೇಳಿದ್ದನ್ನು ಒಂದಕ್ಷರ ಬಿಡದೆ ಸಾರುತ್ತಿದ್ದ. ಅದೇ ಅವನ ಹೆಮ್ಮೆ.

"ಇದನ್ನು ಸಾರು," ಅಂದ ಪ್ರಧಾನಿ. "ದಿಡ್ಡಿ ಬಾಗಿಲನ್ನು ರಾತ್ರಿ ಮುಚ್ಚದೆ ಇರುವುದು ಬೇಡ ಎನ್ನದವರು ಕೈ ಎತ್ತಬೇಡಿ."

ಮಾಯಿಗ ಕಣ್ಣು ಪಿಳಿಪಿಳಿ ಬಿಟ್ಟ. "ಬುದ್ಧೀ, ಇದರ ಅರ್ಥ ಏನು?"

"ಅರ್ಥ ನಿನಗ್ಯಾಕೋ? ಕೂಗೋದು ನಿನ್ನ ಕೆಲಸ."

ಮಾಯಿಗ ತಮಟೆ ಬಡಿದು ಕೂಗಿದ. ಊರೆಲ್ಲ ಬಯಲಿಗೆ ಬಂದು ಸೇರಿತು. ಮಾಯಿಗ ಮತ್ತೊಮ್ಮೆ ಕೂಗಿದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಒಬ್ಬ ಅಜ್ಜ ಒಂದು ಕೈ ಎತ್ತಿ, ಇನ್ನೊಂದು ಕೈಯಿಂದ ಅದನ್ನೇ ಹಿಡಿದು ಎಳೆಯುತ್ತಿದ್ದ. ಕೊನೆಗೆ ಎಲ್ಲರೂ, ಬೇಕು ಅಂದರೆ ಕೈ ಎತ್ತೋದು ತಾನೇ, ಅಂದುಕೊಂಡು ಎತ್ತಿದರು.

ಚಂದರಸಯ್ಯ ರಾಜನ ಕಡೆ ತಿರುಗಿದ. "ನೋಡಿದಿರಾ ಮಹಾಸ್ವಾಮಿ? ಬೇಕು ಅನ್ನುವವರು ಕೈ ಎತ್ತಬೇಡಿ ಅಂದಿದ್ದೆವು. ಎಲ್ಲರೂ ಎತ್ತಿದ್ದಾರೆ. ಊರಿಗೆ ದಿಡ್ಡಿ ಬೇಡ."

"ಹೌದಾ?" ಅಂದ ರಾಜ. ಅವನೂ ಒಂದು ಕೈ ಎತ್ತಿಕೊಂಡೇ ಕೂತಿದ್ದ. ಮೆಲ್ಲಗೆ ಇಳಿಸಿದ.

ಎರಡನೇ ಸಲ ಬಂತು. ಪ್ರಧಾನಿ ಇನ್ನೊಂದು ಪ್ರಶ್ನೆ ಹೊಸೆದ. "ದಿಡ್ಡಿ ತೆರೆಯಲು ಒಪ್ಪದಿರುವುದಕ್ಕೆ ಒಪ್ಪದವರು ನಾಳೆ ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕದೆ ಬಿಡಬೇಡಿ."

"ಬುದ್ಧೀ, ಇದರ ಅರ್ಥ..."

"ಕೂಗೋ!"

ಮಾಯಿಗ ಕೂಗಿದ. ಮನೆ ಮನೆಯಲ್ಲೂ ಜಗಳ ಶುರುವಾಯಿತು. ಗಂಡ ಹಾಕು ಅಂದ, ಹೆಂಡತಿ ಬೇಡ ಅಂದಳು. ಅತ್ತೆ ಹೇಳಿದಳು, "ಹೋದ ಸಲ ಕೈ ಎತ್ತಿ ಕೆಟ್ಟೆವು. ಈ ಸಲ ತಿರುಗಾಮುರುಗಾ ಮಾಡೋಣ. ಹಾಕೋದೇ ಬೇಡ." ಇದೇ ಮಾತು ಬಾಯಿಂದ ಬಾಯಿಗೆ ಹಬ್ಬಿತು.

ಮಾರನೇ ದಿನ ಬೆಳಿಗ್ಗೆ ಊರು ಸೂತಕದ ಮನೆಯಂತೆ ಕಾಣುತ್ತಿತ್ತು. ಅಂಗಳಗಳಿಗೆ ನೀರು ಹಾಕಿತ್ತು, ರಂಗೋಲಿ ಇರಲಿಲ್ಲ. ಹೊರಕೇರಿಯಲ್ಲಿ ಅರ್ಧ ಎಳೆದು ಅರ್ಧ ಬಿಟ್ಟಿದ್ದರು. ಡಂಗುರ ಕೇಳಿಸದ ಇಬ್ಬರು ಕಿವುಡು ಅಜ್ಜಿಯರು ಮಾತ್ರ ದಿನದಂತೆ ಚೆಂದವಾಗಿ ಹಾಕಿದ್ದರು.

"ಬೇಕು ಅನ್ನುವವರು ರಂಗೋಲಿ ಹಾಕಿ ಅಂದಿದ್ದೆವು," ಅಂದ ಚಂದರಸಯ್ಯ. "ಇಡೀ ಊರಿಗೆ ಇಬ್ಬರೇ ಹಾಕಿದ್ದಾರೆ, ಮಹಾಸ್ವಾಮಿ."

ರಾಜ ತಲೆ ಹಿಡಿದುಕೊಂಡು ಒಳಗೆ ಹೋದ.

ಮಾಯಿಗನ ಮಗಳು ಕೆಂಪಾಜಿ. ಅವಳನ್ನು ಹೊರಕೇರಿಗೆ ಕೊಟ್ಟಿತ್ತು. ಅವಳಿಗೆ ಆಗ ದಿನ ತುಂಬಿತ್ತು. ಮಾಯಿಗ ಅವಳನ್ನು ನೋಡಲು ಹೋದ. ಅಂಗಳದಲ್ಲಿ ಅರ್ಧ ರಂಗೋಲಿ ಹಾಗೇ ಇತ್ತು. ಕೆಂಪಾಜಿ ಹೊಸಿಲ ಮೇಲೆ ಕೂತಿದ್ದಳು.

"ಅಪ್ಪಾ, ನಾನು ರಂಗೋಲಿ ಹಾಕಬೇಕಿತ್ತೋ, ಬೇಡವಾಗಿತ್ತೋ?"

ಮಾಯಿಗ ಆ ಅರ್ಧ ರಂಗೋಲಿಯನ್ನೇ ನೋಡಿದ.

"ಕೂಗಿದವನು ನೀನೇ ಅಲ್ವೇನಪ್ಪಾ? ನಿನಗೂ ಗೊತ್ತಿಲ್ವಾ?"

"ಇಲ್ಲ ಮಗಾ. ನನಗೂ ಗೊತ್ತಿಲ್ಲ."

"ನಂಗೆ ಭಯ ಆಗುತ್ತೆ ಅಪ್ಪಾ. ರಂಗಣ್ಣನ ಹೆಂಡತಿಗೆ ಆದ ಹಾಗೆ ಆಗಿಬಿಟ್ಟರೆ?"

ಮಾಯಿಗ ಎದ್ದು ನೇರವಾಗಿ ದ್ಯಾವಣ್ಣನ ಮನೆಗೆ ಹೋದ.

"ದ್ಯಾವಣ್ಣ, ತಪ್ಪಾಯಿತು. ನಾನು ದಡ್ಡ. ಪ್ರಧಾನಿಗಳ ಮಾತು ನನ್ನ ತಲೆಗೆ ಹೋಗಲ್ಲ. ಸರಿಯಾಗಿ ಗೊತ್ತಿದ್ದಿದ್ದರೆ ಜನರಿಗೆ ಬಿಡಿಸಿ ಹೇಳುತ್ತಿದ್ದೆ."

ದ್ಯಾವಣ್ಣ ಮಣ್ಣು ಮೆತ್ತಿದ ಕೈ ತೊಳೆದುಕೊಂಡು ಬಂದು ಕೂತ. "ನನಗೂ ಅರ್ಥವಾಗಿಲ್ಲ ಕಣೋ ಮಾಯಿಗ. ಊರಿಗೆ ಊರೇ ದಡ್ಡ ಆಗೋಕೆ ಸಾಧ್ಯವೇನೋ? ಅರ್ಥವಾಗದ ಹಾಗೆ ಕೇಳಿದರೆ ಅದು ಕೇಳಿದವನ ತಪ್ಪು."

"ಕೂಗದೆ ಇರಲಾ?"

"ಕೂಗು. ಆದರೆ ಅರ್ಥ ಆಗಲಿಲ್ಲ ಅನ್ನೋದನ್ನೂ ಕೂಗು. ಅದರಲ್ಲಿ ನಾಚಿಕೆ ಏನಿದೆ?"

ಮಾಯಿಗ ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕುತ್ತಾ ಮನೆಗೆ ಬಂದ.

ಮೂರನೇ ಸಲ ಬಂತು. ಇದೇ ಕಡೆಯದು. ಬಯಲಿನ ಒಂದು ಕಡೆ ಅರಳೀಮರ, ಇನ್ನೊಂದು ಕಡೆ ಬಾವಿ. ನಡುವೆ ಇಡೀ ಊರು. ಕೆಂಪಾಜಿಯೂ ಗಂಡನ ತೋಳು ಹಿಡಿದುಕೊಂಡು ಬಂದಿದ್ದಳು. ರಾಜ ಪೀಠದ ಮೇಲೆ ಕೂತಿದ್ದ. ಪಕ್ಕದಲ್ಲಿ ದೊಡ್ಡ ಗುಂಪಿನ ಹಿರಿಯರು ಪೇಟ ಸುತ್ತಿಕೊಂಡು ಕೂತಿದ್ದರು. ಚಂದರಸಯ್ಯ ಸನ್ನೆ ಮಾಡಿದ.

ಮಾಯಿಗ ತಮಟೆ ಬಡಿದ. "ಕೇಳಿರಪ್ಪೋ ಕೇಳಿ! ದಿಡ್ಡಿ ತೆರೆಯಬಾರದು ಎಂಬುದು ಸರಿಯಲ್ಲ ಎಂಬ ಮಾತನ್ನು ಅಲ್ಲಗಳೆಯದೆ ಇರದವರು ಬಾವಿ ಕಡೆ ನಿಲ್ಲಿ! ಉಳಿದವರು ಮರದ ಕಡೆ ನಿಲ್ಲಿ!"

ಯಾರೂ ಅಲ್ಲಾಡಲಿಲ್ಲ. ಒಂದು ಕೂಸು ಅತ್ತಿತು. ತಾಯಿ ಅದನ್ನು ಎತ್ತಿಕೊಂಡು ಬಾವಿ ಕಡೆ ಎರಡು ಹೆಜ್ಜೆ ಇಟ್ಟಳು, ಮತ್ತೆ ಹಿಂದಕ್ಕೆ ಬಂದಳು.

ಮಾಯಿಗ ರಾಜನ ಮುಂದೆ ಹೋಗಿ ಅಡ್ಡಬಿದ್ದ.

"ಮಹಾಸ್ವಾಮಿ, ನಾನು ಕೂಗಿದ್ದು ನನಗೇ ಅರ್ಥವಾಗಲಿಲ್ಲ."

ಚಂದರಸಯ್ಯ ಕೆಂಪಾದ. ಆದರೆ ರಾಜನ ಮುಖ ಅರಳಿತು.

"ನಿನಗೂ ಅರ್ಥವಾಗಲಿಲ್ವಾ? ಅಬ್ಬಾ! ನನಗೊಬ್ಬನಿಗೇ ಹೀಗೇನೋ ಅಂತಿದ್ದೆ."

"ಒಂದು ಬಿನ್ನಹ, ಮಹಾಸ್ವಾಮಿ. ಸಭೆಯ ಹಿರಿಯರು ಓದು ಬರಹ ಬಲ್ಲವರು. ಅವರು ಮೊದಲು ನಿಲ್ಲಲಿ. ದೊಡ್ಡವರು ಎಲ್ಲಿ ನಿಂತರು ಅಂತ ನೋಡಿದರೆ ನಮ್ಮಂಥವರಿಗೆ ದಾರಿ ತಿಳಿಯುತ್ತೆ."

"ಇದು ಹೌದು!" ಅಂದ ರಾಜ. ಈ ಸಲ "ಹೌದಲ್ಲ" ಅನ್ನಲಿಲ್ಲ. "ಹಿರಿಯರೆಲ್ಲ ಏಳಿ."

ಹಿರಿಯರು ಎದ್ದರು. ಪೇಟ ಸರಿಮಾಡಿಕೊಂಡರು. ಒಬ್ಬ ಬೆರಳು ಮಡಿಚಿ ಎಷ್ಟು 'ಅಲ್ಲ' ಇವೆ ಅಂತ ಎಣಿಸಿದ. ಇನ್ನೊಬ್ಬ ಮುಂದಿನವನನ್ನು ನೋಡಿದ, ಮುಂದಿನವನು ಹಿಂದಿನವನನ್ನು ನೋಡಿದ. ಕೊನೆಗೆ ಒಬ್ಬ ಧೈರ್ಯ ಮಾಡಿ ಮರದ ಕಡೆ ನಡೆದ. ಸರಿ, ಕುರಿಯ ಹಿಂದೆ ಕುರಿ ಹೋದ ಹಾಗೆ ಎಲ್ಲರೂ ಮರದ ಕಡೆಯೇ ನಡೆದರು.

ಚಂದರಸಯ್ಯ ಬೆಚ್ಚಿ ನೋಡಿದ. ಮರದ ಕಡೆ ಅಂದರೆ ದಿಡ್ಡಿ ಬೇಕು ಅನ್ನುವವರ ಕಡೆ! ತನ್ನ ಗುಂಪೇ ಅತ್ತ ಹೋಗುತ್ತಿದೆ! ಅವನು ಎದ್ದು ನಿಂತು, ಮೈಮರೆತು ಅರಚಿದ.

"ಏಯ್! ಅಲ್ಲಿಗ್ಯಾಕೆ ಸಾಯ್ತೀರಿ? ದಿಡ್ಡಿ ಬೇಡ ಅನ್ನೋರು ಬಾವಿ ಕಡೆ! ಬೇಕು ಅನ್ನೋರು ಮರದ ಕಡೆ!"

ಅಷ್ಟು ದಿನದಲ್ಲಿ ಮೊದಲ ಸಲ ಎಲ್ಲರಿಗೂ ಒಂದು ಮಾತು ಅರ್ಥವಾಗಿತ್ತು.

ಪ್ರಧಾನಿ ಹೇಳಿದ್ದನ್ನು ಸಾರುವುದು ಮಾಯಿಗನ ಕೆಲಸ ತಾನೇ? ಅವನು ತಮಟೆ ಎತ್ತಿ ಢಣಢಣ ಬಡಿದ. ಗಂಟಲು ಹರಿಯುವಂತೆ ಕೂಗಿದ.

"ಕೇಳಿರಪ್ಪೋ ಕೇಳಿ! ಪ್ರಧಾನಿಗಳ ಅಪ್ಪಣೆ! ದಿಡ್ಡಿ ಬೇಡ ಅನ್ನೋರು ಬಾವಿ ಕಡೆ! ಬೇಕು ಅನ್ನೋರು ಮರದ ಕಡೆ!"

ಕಟ್ಟೆ ಒಡೆದ ಕೆರೆಯಂತೆ ಊರು ಮರದ ಕಡೆ ನುಗ್ಗಿತು. ಹೊರಕೇರಿಯವರು ಹೋದರು. ಪೇಟೆಯವರು ಹೋದರು. ಕಾವಲಿನವನು ಈಟಿ ಹಿಡಿದುಕೊಂಡೇ ಹೋದ. ಸೂಲಗಿತ್ತಿ ನಿಂಗಮ್ಮ ಕೆಂಪಾಜಿಯ ಕೈ ಹಿಡಿದು ನಡೆಸಿಕೊಂಡು ಹೋದಳು. ದೊಡ್ಡ ಗುಂಪಿನ ಕೆಲವರು ಪ್ರಧಾನಿಗೆ ಹೆದರಿ ಮೆಲ್ಲಗೆ ಬಾವಿ ಕಡೆ ಹೊರಟರು. ಒಬ್ಬ ದಪ್ಪನೆಯ ಹಿರಿಯ ಮಾತ್ರ ಮರದ ಬುಡದಲ್ಲೇ ಕೂತುಬಿಟ್ಟ. "ನಾನು ತಪ್ಪಿ ಬಂದೆ, ನಿಜ. ಆದರೆ ನನ್ನ ಸೊಸೆಯ ತವರು ಹೊರಕೇರಿ. ಇಲ್ಲೇ ಇರ್ತೀನಿ, ಬಿಡಿ." ಅವನನ್ನು ನೋಡಿ ಇನ್ನೂ ಕೆಲವರು ನಿಂತರು.

ರಾಜ ಬಾವಿ ಕಡೆ ನೋಡಿದ. ಮರದ ಕಡೆ ನೋಡಿದ. ಅವನಿಗೆ ತಲೆನೋವು ಬರಲಿಲ್ಲ.

"ಚಂದರಸಯ್ಯನವರೇ, ಇಷ್ಟು ಸಲೀಸಾಗಿ ಕೇಳೋಕೆ ಬರುತ್ತಿತ್ತಲ್ಲ. ಮೊದಲೇ ಯಾಕೆ ಹೀಗೆ ಕೇಳಲಿಲ್ಲ?"

ಪ್ರಧಾನಿ ತಲೆ ತಗ್ಗಿಸಿದ. ಬೇರೆ ದಾರಿ ಇರಲಿಲ್ಲ, ನಿಜವೇ ಬಾಯಿಗೆ ಬಂತು. "ಕೇಳಿದವರು ಅವರು, ಮಹಾಸ್ವಾಮಿ. ನಾವೇ ಕೇಳಿದ್ದರೆ ಅಂದೇ ತೆರೆಸುತ್ತಿದ್ದೆ."

ಜನ ಗೊಳ್ಳೆಂದು ನಗಲಿಲ್ಲ. ಯಾಕೆಂದರೆ ಅಲ್ಲೇ ರಂಗ ನಿಂತಿದ್ದ, ಅವನ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು.

ದ್ಯಾವಣ್ಣ ಮುಂದೆ ಬಂದು ಕೈ ಮುಗಿದ. "ಬುದ್ಧೀ, ಹೆಸರು ನಿಮ್ಮದೇ ಇರಲಿ. ಚಂದರಸಯ್ಯನವರ ದಿಡ್ಡಿ ಅಂತಲೇ ಕರೆಯೋಣ. ನಮಗೆ ಬಾಗಿಲು ತೆರೆದರೆ ಸಾಕು."

ಅಂದು ಹೊತ್ತು ಮುಳುಗಿದ ಮೇಲೆ ಹೆಬ್ಬಾಗಿಲು ಮುಚ್ಚಿತು, ದಿಡ್ಡಿ ಬಾಗಿಲು ಮುಚ್ಚಲಿಲ್ಲ. ಜನ ಅದನ್ನು ಯಾರ ಹೆಸರಿನಿಂದಲೂ ಕರೆಯಲಿಲ್ಲ. ಸುಮ್ಮನೆ ಬಗ್ಗಿ ಹೋದರು, ಬಗ್ಗಿ ಬಂದರು.

ರಾಜ ಇನ್ನೊಂದು ಕಟ್ಟಳೆಯನ್ನೂ ಮಾಡಿದ. ಡಂಗುರದವನಿಗೆ ಅರ್ಥವಾಗದ ಮಾತನ್ನು ಊರಿಗೆ ಸಾರಕೂಡದು. ಅಲ್ಲಿಂದ ಮುಂದೆ ಚಂದರಸಯ್ಯ ಏನೇ ಸಾರಿಸಬೇಕಾದರೂ ಮೊದಲು ಮಾಯಿಗನ ಮುಂದೆ ಕೂತು ಬಿಡಿಸಿ ಹೇಳಬೇಕಾಗಿತ್ತು. ಮಾಯಿಗ ತಲೆ ಕೆರೆದುಕೊಂಡು, "ಬುದ್ಧೀ, ಇನ್ನೊಂದು ಸಲ ಹೇಳಿ, ಸಲೀಸಾಗಿ ಹೇಳಿ," ಅನ್ನುತ್ತಿದ್ದ. ಪ್ರಧಾನಿ ಬೆವರು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಇಷ್ಟೇ ಮಕ್ಕಳೇ. ಕೇಳಿದವರು ಎಷ್ಟು ಜನ ಅಂತ ನೋಡಬೇಡಿ, ಅವರು ಕೇಳಿದ್ದು ಏನು ಅಂತ ನೋಡಿ. ಮೂರೇ ಜನ ಹೇಳಿದರೂ ನ್ಯಾಯ ನ್ಯಾಯವೇ. ಯಾರಾದರೂ ಮಾತನ್ನು ಗಂಟು ಹಾಕಿ ನಿಮ್ಮ ಮುಂದೆ ಎಸೆದರೆ, ಅರ್ಥವಾಯಿತು ಅಂತ ತಲೆಯಾಡಿಸಬೇಡಿ. ಬಿಡಿಸಿ ಹೇಳಿ ಅಂತ ಕೇಳಿ. ನೇರವಾಗಿ ಕೇಳಿದರೆ ಊರು ನೇರವಾಗಿಯೇ ಉತ್ತರ ಕೊಡುತ್ತದೆ.