ಉಪ್ಪಿನ ಗದ್ದೆಗೆ ಎರಡು ಮಾತು

"ಅಯ್ಯನವರೇ, ಇವೆರಡರಲ್ಲಿ ಯಾವುದನ್ನು ನಂಬಲಿ?" ಎಂದು ಶಿಷ್ಯ ಎಫ್ರಾಯಿಮ ಕೇಳಿದ. ಬೈಬಲಿನ ಎರಡು ಪುಟಗಳ ನಡುವೆ ಬೆರಳಿಟ್ಟು ಹಿಡಿದಿದ್ದ. "ಒಂದು ಕಡೆ ಸ್ವಾಮಿ ಗುರುತು ಹೇಳುತ್ತಾನೆ. ಯುದ್ಧ, ಬರ, ಭೂಕಂಪ, ಸೂರ್ಯ ಕಪ್ಪಾಗುವುದು, ಆಮೇಲೆ ಲೋಕದ ಕೊನೆಗೆ ತಾನು ಮರಳಿ ಬರುವುದು. ಇನ್ನೊಂದು ಕಡೆ, ಯಾರೂ ಎಣಿಸದ ಗಳಿಗೆಯಲ್ಲಿ, ಕಳ್ಳನ ಹಾಗೆ ಬರುತ್ತಾನಂತೆ. ಗುರುತು ಕೊಟ್ಟು ಬರುವವನು ಕಳ್ಳನ ಹಾಗೆ ಬರುವುದು ಹೇಗೆ? ಭಾನುವಾರ ನನ್ನ ಮೊದಲ ಪ್ರಸಂಗ. ನಾನೇ ನಂಬದ್ದನ್ನು ಸಭೆಗೆ ಹೇಳಲಾರೆ. ಈ ಕೆಲಸವೇ ಬೇಡವೆಂದು ಊರಿಗೆ ಹೋಗಿಬಿಡಲೇ?"

ಕೂತ. ಎದ್ದ. ಮತ್ತೆ ಕೂತ.

ಮುದಿ ಉಪದೇಶಿ ಹೇಳಿದರು:

ಕಡಲ ಬದಿಯಲ್ಲಿ ಒಬ್ಬ ಒಡೆಯನಿಗೆ ಉಪ್ಪಿನ ಗದ್ದೆಗಳಿದ್ದವು. ಎರಡು ಗದ್ದೆಗಳನ್ನು ಇಬ್ಬರು ಪಾಲಿಗೆ ಮಾಡುತ್ತಿದ್ದರು. ಉಬ್ಬರದ ನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಆರಿಸಿ, ಉಪ್ಪನ್ನು ಎಳೆದು ದಂಡೆಯ ಮೇಲೆ ರಾಶಿ ಹಾಕುವುದು ಅವರ ಕೆಲಸ. ಪಾಲಿಗೆ ಬಂದ ಉಪ್ಪನ್ನು ಕೊಟ್ಟು ವರ್ಷದ ಅಕ್ಕಿ ತರಬೇಕು. ಮಳೆ ಬಿದ್ದರೆ ಉಪ್ಪೂ ಇಲ್ಲ, ಅಕ್ಕಿಯೂ ಇಲ್ಲ.

ಒಬ್ಬ ಪುಕ್ಕಲ. ಇನ್ನೊಬ್ಬ ಸೋಮಾರಿ. ಒಡೆಯನಿಗೆ ಇಬ್ಬರೂ ಗೊತ್ತು. ಬೇಸಿಗೆಯ ಕೊನೆಗೆ ಅವನು ಪರವೂರಿಗೆ ಹೊರಟ. ಹೊರಡುವಾಗ ಒಬ್ಬೊಬ್ಬರನ್ನೇ ಕರೆದ.

ಪುಕ್ಕಲನಿಗೆ ಹೇಳಿದ: "ಮಳೆಗೆ ಮುಂಚೆ ಗಾಳಿ ತಿರುಗುತ್ತದೆ. ಏಡಿಗಳು ದಂಡೆ ಹತ್ತುತ್ತವೆ. ಕಡಲು ಮೊರೆಯುತ್ತದೆ. ಅಲ್ಲಿಯ ತನಕ ಗದ್ದೆ ಬಿಡಬೇಡ."

ಸೋಮಾರಿಗೆ ಹೇಳಿದ: "ಮಳೆ ನಿನ್ನನ್ನು ಕೇಳಿ ಬರುವುದಿಲ್ಲ. ದಿನದ ಉಪ್ಪಿಗೆ ಆ ಸಂಜೆಯೇ ತೆಂಗಿನ ಗರಿ ಹೊದಿಸು."

ಮಧ್ಯಾಹ್ನ ಇಬ್ಬರೂ ಗಂಜಿಗೆ ಕೂತರು. ಮಾತಿಗೆ ಮಾತು ಬಂತು.

"ನಿನಗೆ ಗುರುತು ಹೇಳಿದರೇ?" ಅಂದ ಸೋಮಾರಿ. "ನನಗೆ, ಮಳೆ ಕೇಳದೆ ಬರುತ್ತದೆ ಅಂದರು. ಒಡೆಯರಿಗೆ ಬಾಯಿ ಒಂದೋ ಎರಡೋ ಮಾರಾಯ?"

"ಕೇಳದೆ ಬರುತ್ತದಂತಾ!" ಪುಕ್ಕಲನ ಗಂಜಿ ಚೆಲ್ಲಿತು.

"ನನಗೆ ನಿನ್ನ ಮಾತೇ ಚಂದ. ಏಡಿ ಹತ್ತಿದರೆ ಎಬ್ಬಿಸು," ಎಂದು ಸೋಮಾರಿ ಹೊದಿಸಬೇಕಾದ ಗರಿಗಳ ಮೇಲೆಯೇ ಮಲಗಿದ.

ಅಂದಿನಿಂದ ಒಬ್ಬನ ಮಾತನ್ನು ಇನ್ನೊಬ್ಬ ಹಿಡಿದ.

ಪುಕ್ಕಲ ಅಂಗೈಯಗಲ ಮೋಡ ಕಂಡರೂ ಎದ್ದು ನಿಂತ. ಊಟ ಸೇರಲಿಲ್ಲ. ಐದನೆಯ ದಿನ ದಂಡೆ ಕಡಿದು ನೀರು ಹೊರಬಿಟ್ಟು, ಸಿಕ್ಕಷ್ಟು ಉಪ್ಪು ಹೊತ್ತು ಮನೆಗೆ ಹೋದ. ಆಮೇಲೆ ಹದಿನೆಂಟು ದಿನ ಬಿಸಿಲು ಕಾಯಿತು. ಒಳ್ಳೆಯ ಉಪ್ಪು ಕೂರುವುದೇ ಆ ಬಿಸಿಲಿಗೆ. ಅವನ ಗದ್ದೆ ಬಿರುಕು ಬಿಟ್ಟುಕೊಂಡು ಬಿದ್ದಿತ್ತು.

ಸೋಮಾರಿಯ ಉಪ್ಪು ಆಳೆತ್ತರ ಆಯಿತು. ಅವನು ಒಂದು ಗರಿಯನ್ನೂ ಹೊದಿಸಲಿಲ್ಲ. ಗಾಳಿ ತಿರುಗಿತು. ಏಡಿಗಳು ದಂಡೆ ಹತ್ತಿದವು. "ಕಡಲು ಇನ್ನೂ ಮೊರೆದಿಲ್ಲವಲ್ಲ," ಎಂದು ಮಗ್ಗುಲು ಬದಲಿಸಿದ. ಮರುದಿನ ಕಡಲು ಮೊರೆಯಿತು. ಎದ್ದು ಗರಿಯ ಕಟ್ಟು ಬಿಚ್ಚುವಷ್ಟರಲ್ಲಿ ಮಳೆ ಬಂತು. ಸಂಜೆಗೆ ದಂಡೆ ಬರಿದಾಗಿತ್ತು.

ಒಡೆಯ ಬಂದ. ಇಬ್ಬರೂ ಒಟ್ಟಿಗೆ ಕೂಗಿದರು: "ನೀವು ಎರಡು ಮಾತು ಆಡಿದಿರಿ. ನಾವು ಕೆಟ್ಟೆವು."

"ಹೌದು," ಅಂದ ಒಡೆಯ. "ನೀವು ಇಬ್ಬರಿದ್ದಿರಿ."

ಉಪದೇಶಿ ನಿಲ್ಲಿಸಿದರು. ಎಫ್ರಾಯಿಮ ಎದ್ದು ಕಿಟಕಿಯ ತನಕ ಹೋಗಿ ಬಂದ.

"ಎರಡೂ ನಿಜ, ಒಪ್ಪಿದೆ. ಆದರೆ ನಾನು ಒಬ್ಬನೇ ಅಲ್ಲವೇ ಅಯ್ಯನವರೇ? ನಾನು ಯಾವುದನ್ನು ಹಿಡಿಯಲಿ?"

"ನಿನ್ನ ಸ್ವಭಾವಕ್ಕೆ ಒಗ್ಗದ್ದನ್ನು."