ಬಾವುಟದ ಗುಡ್ಡದ ಜಟ್ಟಿ

“ಕೇಳ್ರಪ್ಪೋ ಕೇಳಿ! ಬಂದರಿನ ಕಂಪ್ಯೂಟರು ನಿಂತು ಇವತ್ತಿಗೆ ಒಂಬತ್ತು ದಿನ. ದೊರೆಗಳು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಬಂದರು ಒಪ್ಪಿಸುತ್ತಾರೆ, ಕೇಳಿದ್ದು ಕೊಡುತ್ತಾರೆ. ತಪ್ಪಿದವನನ್ನು ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ ಕಡಲಿಗೆ ಬಿಡುತ್ತಾರೆ!”

ಡಂಗುರ ಶಂಖದುರ್ಗದ ಬೀದಿಯೆಲ್ಲ ಸುತ್ತಿತು. ಬಾವುಟದ ಗುಡ್ಡದ ಮೇಲಕ್ಕೂ ಕೇಳಿಸಿತು. ಅಲ್ಲಿ ಜಟ್ಟಿ ಒಬ್ಬನೇ ಇದ್ದ. ಬಾವುಟ ಬೀಸಿ ಹಡಗುಗಳಿಗೆ ದಾರಿ ತೋರುವುದು ಅವನ ಅಪ್ಪನ ಕೆಲಸ, ಅಪ್ಪನ ನಂತರ ಅವನದು. ಕಂಪ್ಯೂಟರು ಬಂದ ಮೇಲೆ ಹಡಗಿನವರು ಗುಡ್ಡದ ಕಡೆ ನೋಡುವುದನ್ನು ಬಿಟ್ಟರು. ಜಟ್ಟಿ ಬೀಸುವುದನ್ನು ಬಿಡಲಿಲ್ಲ. ಎಂಟು ವರ್ಷ ಬೀಸಿದ. ಒಂದು ಹಡಗೂ ಮರುಸನ್ನೆ ಮಾಡಲಿಲ್ಲ.

ಈಗ ಅಕ್ಕಿ ತುಂಬಿದ ನಲವತ್ತು ಹಡಗು ಕಡಲಲ್ಲಿ ನಿಂತಿದ್ದವು. ಕಂಪ್ಯೂಟರು ಹೇಳದೆ ಒಳಗೆ ಬರುವಂತಿಲ್ಲ, ಅದು ದೊರೆಯ ಕಾನೂನು. ನಿನ್ನೆ ಒಂದು ಹಡಗಿನಿಂದ ಯಾರೋ ಕೆಂಪು ಬಟ್ಟೆ ಬೀಸಿದ್ದ. ಕುಡಿಯಲು ನೀರಿಲ್ಲ ಎಂದು ಅದರ ಅರ್ಥ. ಜಟ್ಟಿ ಬಹಳ ಹೊತ್ತು ಅದನ್ನೇ ನೋಡಿದ್ದ. ಡಂಗುರ ಕೇಳಿ ಅಂಗಿ ತೊಟ್ಟು ಗುಡ್ಡ ಇಳಿದ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ದೊರೆ ಮೊದಲ ಒಗಟು ಕೇಳಿದ.

“ಊರಲ್ಲಿ ಹಸಿವು. ಕಣ್ಣಳತೆಯಲ್ಲೇ ಅಕ್ಕಿ. ನಡುವೆ ಗೋಡೆಯಿಲ್ಲ, ಶತ್ರುವಿಲ್ಲ, ಬಿರುಗಾಳಿಯಿಲ್ಲ. ತಡೆದದ್ದು ಏನು?”

“ಬೆಲೆ, ಮಹಾಪ್ರಭು,” ಎಂದ ಸಾಹುಕಾರ ಪದ್ಮಯ್ಯ. “ಏರಿಸಿ ನೋಡಿ, ಅಕ್ಕಿ ಈಜಿಕೊಂಡು ಬರುತ್ತೆ.”

“ಏರಿ ಐದು ದಿನವಾಯಿತು. ಬರಲಿಲ್ಲ.” ಅವನನ್ನು ದೋಣಿಗೆ ಒಯ್ದರು.

“ಕೆಟ್ಟ ಕಂಪ್ಯೂಟರು,” ಎಂದ ಯಂತ್ರಪಂಡಿತ ಚಿದಂಬರ.

“ಅದು ಎದ್ದು ಹೋಗಿ ಹಡಗನ್ನು ಹಿಡಿದುಕೊಂಡಿದೆಯೇನು?” ಅವನನ್ನೂ ಒಯ್ದರು.

ಜಟ್ಟಿ ಮುಂದೆ ಬಂದ. ಮಂತ್ರಿ ನಕ್ಕ. “ಇವನಾ! ಗುಡ್ಡದ ಮೇಲೆ ಕಾಗೆ ಓಡಿಸುವವನು.”

“ಒಂದು ಮಾತು, ಪ್ರಭು,” ಎಂದ ಜಟ್ಟಿ. “‘ಬಾ’ ಅನ್ನುವ ಮಾತು. ಅದನ್ನು ಹೇಳುವ ಹಕ್ಕು ಮನುಷ್ಯರಿಂದ ತೆಗೆದು ಯಂತ್ರಕ್ಕೆ ಕೊಟ್ಟಿರಿ. ಯಂತ್ರ ಈಗ ಮೂಗ.”

ಮಂತ್ರಿಯ ನಗು ನಿಂತಿತು. ದೊರೆ ಎರಡನೆಯ ಒಗಟು ಕೇಳಿದ.

“ಏಳು ಕಡಲಾಚೆ ಯಾವನೋ ಒಂದು ತಪ್ಪು ಮಾಡಿದ. ಅಂದೇ ಮಧ್ಯಾಹ್ನ ನನ್ನ ಅಡಿಗೆಮನೆಯ ಒಲೆ ಆರಿತು. ಆ ತಪ್ಪು ಅಷ್ಟು ಬೇಗ ಹೇಗೆ ನಡೆದು ಬಂತು?”

“ನಡೆದು ಬರಲಿಲ್ಲ. ಅವರ ಬಂದರು, ನಮ್ಮ ಬಂದರು, ಇನ್ನು ನೂರು ಬಂದರು, ಎಲ್ಲಕ್ಕೂ ತಲೆ ಒಂದೇ. ಅದು ಕೆಟ್ಟರೆ ಎಲ್ಲರೂ ಒಟ್ಟಿಗೆ ಮಲಗುತ್ತೇವೆ. ಅಲ್ಲಿ ಉಪ್ಪಿಲ್ಲ, ಇಲ್ಲಿ ಅಕ್ಕಿಯಿಲ್ಲ.”

ದೊರೆ ತಲೆಯಾಡಿಸಿದ. ಮೂರನೆಯದನ್ನು ಮೆಲ್ಲಗೆ ಕೇಳಿದ.

“ದಿನವೂ ಇದ್ದರೆ ದಂಡ ಅನ್ನಿಸುತ್ತದೆ. ಬೇಕಾದ ಒಂದು ದಿನ ಇಲ್ಲದಿದ್ದರೆ ರಾಜ್ಯ ಮುಳುಗುತ್ತದೆ. ಏನದು?”

ಜಟ್ಟಿ ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ಮೂರನೆಯ ದೋಣಿ ಕಾದಿತ್ತು. ಅದರಾಚೆ ಕಡಲಲ್ಲಿ ಕೆಂಪು ಚುಕ್ಕೆಯೊಂದು ಅಲ್ಲಾಡಿತು. ಆ ಮನುಷ್ಯ ಇನ್ನೂ ಬೀಸುತ್ತಿದ್ದ.

“ಯಾರೂ ನೋಡದಿದ್ದರೂ ಬೀಸಿದ ಬಾವುಟ,” ಎಂದ. “ಯಂತ್ರ ಒಂದು ದಿನ ಕೆಡುತ್ತದೆ, ಪ್ರಭು. ಆ ದಿನ ಕೈಗೆ ಕೆಲಸ ನೆನಪಿರಬೇಕಾದರೆ ಕೆಡದ ದಿನವೂ ಮಾಡುತ್ತಿರಬೇಕು.”

“ಇದರ ಉತ್ತರ ನನಗೂ ಗೊತ್ತಿರಲಿಲ್ಲ,” ಎಂದ ದೊರೆ. “ಹೋಗು. ಕರೆ.”

ಜಟ್ಟಿ ಗುಡ್ಡ ಹತ್ತಿ ಬೀಸಿದ. ಕೆಂಪು ಬಟ್ಟೆಯ ಹಡಗು ಮೊದಲು ಬಂತು. ದಾರಿಯಲ್ಲಿ ಆ ಎರಡು ದೋಣಿಗಳನ್ನೂ ಎಳೆದು ತಾ ಎಂದು ಸನ್ನೆ ಮಾಡಿದ್ದ, ತಂದಿತು. ಮೂರು ದಿನದಲ್ಲಿ ನಲವತ್ತೂ ಒಳಗೆ ಬಂದವು. ಆಮೇಲೆ ಕಂಪ್ಯೂಟರೂ ಎದ್ದಿತು.

“ಏನು ಬೇಕು ಕೇಳು,” ಎಂದ ದೊರೆ.

“ವಾರಕ್ಕೊಂದು ದಿನ ಕಂಪ್ಯೂಟರನ್ನು ನಿಲ್ಲಿಸಿ. ಅಂದು ಹಡಗುಗಳು ಬಾವುಟ ನೋಡಿಕೊಂಡು ಬರಲಿ.”

“ಅಷ್ಟೇ?”

“ಅಷ್ಟೇ.”

ಶಂಖದುರ್ಗದಲ್ಲಿ ಸೋಮವಾರ ಕಂಪ್ಯೂಟರು ಮಾತಾಡುವುದಿಲ್ಲ. ಅಂದು ಹಡಗುಗಳು ಜಟ್ಟಿಗೆ ಮರುಸನ್ನೆ ಮಾಡುತ್ತವೆ. ಉಳಿದ ಆರು ದಿನ ಅವನು ಒಬ್ಬನೇ ಬೀಸುತ್ತಾನೆ.